ಎಂಟನೆಯದನ್ನು ಅವಳು ಹೇಳಲಿಲ್ಲ

ಲಿಫ್ಟ್ ರಿಪೇರಿ ಮಾಡುವವರ ನಡುವೆ ಅವನನ್ನು ಎಲ್ಲರೂ ಬಾವಲಿ ಎಂದೇ ಕರೆಯುತ್ತಿದ್ದರು. ಕತ್ತಲಲ್ಲಿ ನೇತಾಡುವುದೇ ಅವನ ಕಸುಬು. ಜನ ಲಿಫ್ಟಿನ ಒಳಗೆ ನಿಂತು ಮೇಲೆ ಹೋಗುತ್ತಾರೆ, ಅವನು ಅದರ ನೆತ್ತಿಯ ಮೇಲೆ ನಿಂತು ಹೋಗುತ್ತಿದ್ದ. ಕಟ್ಟಡದ ಹೊಟ್ಟೆಯೊಳಗೆ ತಳದಿಂದ ತಾರಸಿಯವರೆಗೆ ಹಾದು ಹೋಗುವ ಆ ಚೌಕದ ಪೊಳ್ಳಿಗೆ ಅವನ ಕಸುಬಿನವರು ‘ಬಾವಿ’ ಅನ್ನುತ್ತಿದ್ದರು. ಅದರೊಳಗೆ ಬೆರಳು ಗಾತ್ರದ ಉಕ್ಕಿನ ಹಗ್ಗಗಳು, ಗ್ರೀಸಿನ ವಾಸನೆ, ಹಗ್ಗದ ಒಂದು ತುದಿಗೆ ಲಿಫ್ಟಿನ ಪೆಟ್ಟಿಗೆ, ಇನ್ನೊಂದು ತುದಿಗೆ ಅದನ್ನು ತೂಗಿಸುವ ಕಬ್ಬಿಣದ ಭಾರ.

ಆಳು ಗಟ್ಟಿಮುಟ್ಟು, ಮಾತು ಕಮ್ಮಿ, ಊಟ ಜಾಸ್ತಿ. ಅವನದು ಒಂದೇ ಒಂದು ವಿಚಿತ್ರ ಅಭ್ಯಾಸ. ಬಾವಿಯ ಬಾಗಿಲು ಸರಿಸಿ ಪೆಟ್ಟಿಗೆಯ ನೆತ್ತಿಗೆ ಕಾಲಿಡುವ ಮುಂಚೆ ಅವನ ತುಟಿ ಅಲುಗಾಡುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವುದೋ ದೇವರ ಸ್ತೋತ್ರ ಇರಬೇಕು ಅಂದುಕೊಳ್ಳುತ್ತಿದ್ದರು. ಹತ್ತಿರ ಹೋಗಿ ಕಿವಿಗೊಟ್ಟವರಿಗೆ ಕೇಳಿಸುತ್ತಿದ್ದದ್ದು ಬರೀ ಸಂಖ್ಯೆಗಳು. ಮೂವತ್ತೊಂದು, ಮುನ್ನೂರ ಮೂವತ್ತೊಂದು, ಮೂರು ಸಾವಿರದ ಮುನ್ನೂರ ಮೂವತ್ತೊಂದು... ಹೀಗೆ ಎಡಕ್ಕೆ ಒಂದೊಂದೇ ಮೂರು ಸೇರಿಸಿಕೊಂಡು ಮೂರು ಕೋಟಿ ದಾಟುವವರೆಗೆ ಹೋಗಿ, ಕೊನೆಗೆ ‘ಮತ್ತೆ ಮುಂದಿನವರು’ ಎಂದು ಹೇಳಿ ಅವನು ಕಾಲಿಡುತ್ತಿದ್ದ.

ಆ ಸಂಖ್ಯೆಗಳು ಅವನಿಗೆ ಹೆಂಡತಿಯಿಂದ ಬಂದವು. ನಿಜ ಹೇಳಬೇಕೆಂದರೆ ಹೆಂಡತಿಯೇ ಅವನಿಗೆ ಆ ಸಂಖ್ಯೆಗಳಿಂದ ಬಂದಳು.

ಆಗ ಅವನಿಗೆ ಮೀಸೆ ದಪ್ಪವಾಗುತ್ತಿದ್ದ ವಯಸ್ಸು. ಪೇಟೆ ಬೀದಿಯ ಕಚೇರಿ ಕಟ್ಟಡವೊಂದರಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟು ನಿಂತುಬಿಟ್ಟಿತ್ತು. ಅವನೂ, ಎಲ್ಲರೂ ಗ್ರೀಸಣ್ಣ ಎಂದು ಕರೆಯುತ್ತಿದ್ದ ಹಿರಿಯ ಮೆಕ್ಯಾನಿಕ್ಕೂ ಹೋದರು. ಗ್ರೀಸಣ್ಣ ಮೇಲಿನ ಮೋಟಾರು ಕೋಣೆಗೆ ಹೋದ, ಇವನು ಪೆಟ್ಟಿಗೆಯ ನೆತ್ತಿಗೆ ಇಳಿದು ಅಲ್ಲಿನ ಸಣ್ಣ ಮುಚ್ಚಳ ತೆಗೆದ. ಒಳಗೆ ಕತ್ತಲು. ಆ ಕತ್ತಲಿನಿಂದ ಹೆಣ್ಣು ದನಿಯೊಂದು, ಬಾಯಲ್ಲಿ ಹತ್ತಿ ಉಂಡೆ ಇಟ್ಟುಕೊಂಡು ಮಾತಾಡಿದ ಹಾಗೆ, ಸಂಖ್ಯೆ ಹೇಳುತ್ತಿತ್ತು.

"ಯಾರಿದೀರಿ? ಗಾಬರಿ ಆಗ್ಬೇಡಿ, ಈಗ ಸರಿ ಹೋಗುತ್ತೆ," ಎಂದ.

"ಗಾಬರಿ ಏನಿಲ್ಲ. ಹಲ್ಲು ನೋವು," ಎಂದಿತು ದನಿ. ಮೇಲಿನ ಮಹಡಿಯಲ್ಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದವಳು ಅವಳು. ಟಾರ್ಚು ಬಿಟ್ಟು ನೋಡಿದ. ಒಂದು ಕೆನ್ನೆ ಬಾತು ಬದನೆಕಾಯಿಯಾಗಿತ್ತು. ಮೂಲೆಗೆ ಒರಗಿ ನಿಂತಿದ್ದಳು.

"ಅದೇನು ಹೇಳ್ಕೊಳ್ತಿದ್ರಿ?"

"ಒಡೆಯದ ಸಂಖ್ಯೆಗಳು. ಯಾವುದರಿಂದ ಭಾಗಿಸಿದ್ರೂ ಏನಾದ್ರೂ ಉಳಿದೇ ಉಳಿಯುತ್ತೆ. ತನ್ನಿಂದ, ಇಲ್ಲ ಒಂದರಿಂದ ಮಾತ್ರ ಸರಿಯಾಗಿ ಭಾಗ ಆಗುತ್ತೆ. ಅವಿಭಾಜ್ಯ ಅಂತಾರೆ, ಶಾಲೇಲಿ ಕಲಿತಿರಬೇಕಲ್ಲ?"

"ಶಾಲೇಲಿ ನಾನು ಕಲಿತದ್ದು ಗೋಡೆ ಹಾರೋದು," ಎಂದ ಅವನು.

ಅವಳು ನಗಲು ಹೋಗಿ ಕೆನ್ನೆ ಹಿಡಿದುಕೊಂಡಳು. ಆಮೇಲೆ ಹೇಳಿದಳು. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಮೂವತ್ತೊಂದು ಒಡೆಯುವುದಿಲ್ಲ. ಅದರ ಎಡಕ್ಕೆ ಒಂದು ಮೂರು ಸೇರಿಸಿದರೆ ಮುನ್ನೂರ ಮೂವತ್ತೊಂದು, ಅದೂ ಒಡೆಯುವುದಿಲ್ಲ. ಇನ್ನೊಂದು ಮೂರು ಸೇರಿಸಿ, ಒಡೆಯುವುದಿಲ್ಲ. ಹುಡುಗಿಯಾಗಿದ್ದಾಗ ಸುಮ್ಮನೆ ಕೂತಾಗ ಇದು ಅವಳ ಕಣ್ಣಿಗೆ ಬಿದ್ದಿತ್ತಂತೆ. ಆರನೆಯದರವರೆಗೆ ಕೈಯಲ್ಲೇ ಭಾಗಿಸಿ ನೋಡಿದ್ದಾಳಂತೆ. ಈಗ ಏಳನೆಯದು ನಡೆಯುತ್ತಿದೆ.

"ಎಲ್ಲೀವರೆಗೆ ಹೋಗುತ್ತೆ ಇದು?"

"ಕೊನೇವರೆಗೆ ಹೋಗುತ್ತೆ ಅಂತ ನನಗನ್ನಿಸುತ್ತೆ."

ಅಷ್ಟರಲ್ಲಿ ಮೇಲಿನಿಂದ ಗ್ರೀಸಣ್ಣ ಕೂಗಿದ: "ಏಯ್ ಬಾವಲಿ, ರಿಪೇರಿಗೆ ಬಂದಿದೀಯೋ ಹೆಣ್ಣು ನೋಡೋಕೆ ಬಂದಿದೀಯೋ?"

ಗ್ರೀಸಣ್ಣನ ಬಾಯಲ್ಲಿ ಶಕುನ ನುಡಿಯಿತು ಅಂತಲೇ ಇಟ್ಟುಕೊಳ್ಳಿ. ಅವಳ ಹಲ್ಲು ಕೀಳುವಷ್ಟು ಹೊತ್ತೂ ಅವನು ಡಾಕ್ಟರ ಬಾಗಿಲ ಹೊರಗೆ, ಲಿಫ್ಟು ಸರಿಯಾಗಿ ಓಡುತ್ತಿದೆಯೋ ಇಲ್ಲವೋ ನೋಡುವ ನೆಪದಲ್ಲಿ ನಿಂತಿದ್ದ. ಮುಂದಿನ ವರ್ಷ ಮದುವೆಯಾಯಿತು.

ಎರಡು ಕೋಣೆಯ ಮನೆ. ಅಡುಗೆಮನೆಯ ಮೇಜೇ ಊಟದ ಮೇಜು, ಅವಳ ಲೆಕ್ಕದ ಮೇಜು, ಅವನು ಸ್ಪ್ಯಾನರು ಒರೆಸುವ ಮೇಜು. ಸಂಜೆ ಅವಳು ಮಕ್ಕಳ ಹಳೆಯ ಉತ್ತರ ಪತ್ರಿಕೆಗಳ ಹಿಂಭಾಗದಲ್ಲಿ ಏಳನೆಯದನ್ನು ಭಾಗಿಸುತ್ತಿದ್ದಳು. ಮೂರು ಕೋಟಿ ಮೂವತ್ತಮೂರು ಲಕ್ಷ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತೊಂದು. ಅದು ಒಡೆಯುವುದಿಲ್ಲ ಎಂದು ಖಾತರಿಯಾಗಬೇಕಾದರೆ ಏಳುನೂರಕ್ಕೂ ಮಿಕ್ಕಿ ಭಾಗಾಕಾರ ಮಾಡಬೇಕು. ಒಂದೊಂದರಲ್ಲೂ ಏನಾದರೂ ಉಳಿಯಬೇಕು. ಅವನಿಗೂ ಭಾಗಾಕಾರ ಕಲಿಸಿದಳು. ಗೋಡೆ ಹಾರಿ ಬಿಟ್ಟುಹೋದ ಪಾಠವನ್ನು ಅವನು ಹೆಂಡತಿಯ ಹತ್ತಿರ ಕಲಿತ. ಅವನು ಒಂದು ಭಾಗಿಸುವಷ್ಟರಲ್ಲಿ ಅವಳು ನಾಲ್ಕು ಭಾಗಿಸಿ, ಅವನದನ್ನೂ ತಿದ್ದುತ್ತಿದ್ದಳು.

"ಉಳಿದದ್ದೆಷ್ಟು?"

"ಹನ್ನೆರಡು."

"ಭೇಷ್. ಮುಂದೆ."

ಅವನ ಮಟ್ಟಿಗೆ ಅವು ಸಂಖ್ಯೆಗಳಾಗಿರಲಿಲ್ಲ, ಒಂದು ಮನೆತನವಾಗಿದ್ದವು. ಮೂವತ್ತೊಂದು ಕಿರಿಯ, ಆಮೇಲೆ ಅವನ ಅಣ್ಣಂದಿರು. ಒಬ್ಬರ ತಲೆ ಮೇಲೊಬ್ಬರು, ಯಾರು ಏನು ಮಾಡಿದರೂ ಜಗ್ಗದವರು. ಬಾವಿಗೆ ಇಳಿಯುವಾಗ ಮೊದಲ ಸಲ ಅವರ ಹೆಸರು ಹೇಳಿಕೊಂಡದ್ದು ತಮಾಷೆಗೆ. ಆವತ್ತು ಹೆಂಡತಿ ನೆನಪಾಗಿದ್ದಳು, ಅಷ್ಟೇ. ಆಮೇಲೆ ಬಾಯಿಗೆ ಕೂತುಬಿಟ್ಟಿತು. ಬೆಳಿಗ್ಗೆ ಮನೆ ಬಿಡುವಾಗ ಬೂಟಿನ ದಾರ ಕಟ್ಟುತ್ತಾ ಒಂದು ಸಲ, ಬಾವಿಯ ಬಾಗಿಲಲ್ಲಿ ಒಂದು ಸಲ. ಹೇಳದೆ ಕಾಲಿಡಲು ಹೋದರೆ ಅಂಗಾಲು ತಣ್ಣಗಾಗುತ್ತಿತ್ತು. ಅವಳಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. ಒಳ್ಳೆಯ ದಿನ, ಕೆಟ್ಟ ದಿನ, ಅದೃಷ್ಟದ ಸಂಖ್ಯೆ ಎಂದು ಯಾರಾದರೂ ಅಂದರೆ ಮುಖ ತಿರುಗಿಸುವ ಹೆಂಗಸು ಅವಳು. "ನನ್ನ ಲೆಕ್ಕಕ್ಕೆ ತಾಯತ ಕಟ್ಟಿಬಿಟ್ರಲ್ಲ ರೀ," ಎಂದಳು.

ಏಳನೆಯದೂ ಗಟ್ಟಿ ಎಂದು ಖಾತರಿಯಾದದ್ದು ಒಂದು ಬೇಸಿಗೆ ರಜೆಯಲ್ಲಿ. ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಬೆರಳುಗಳ ತುದಿಯೆಲ್ಲ ಶಾಯಿ. "ನಿಂತ ಕಣ್ರೀ," ಎಂದಳು, ಮಗು ಮೊದಲ ಹೆಜ್ಜೆ ಇಟ್ಟ ಸುದ್ದಿ ಹೇಳುವ ಹಾಗೆ. ಇಬ್ಬರೂ ಅಡುಗೆಮನೆಯಲ್ಲಿ ಕುಣಿದರು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟಿದರು.

ಮಾರನೆಯ ದಿನ ಅವನು ಕೆಲಸದಿಂದ ಬಂದಾಗ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ಮೇಜಿನ ಮೇಲೆ ಒಂದು ಕಾಗದವೂ ಇರಲಿಲ್ಲ.

"ಎಂಟನೆಯವನನ್ನ ಶುರು ಮಾಡಿದ್ಯಾ?" ಎಂದು ಕೇಳಿದ.

"ಇಲ್ಲ. ತಲೆ ನೋವು. ಆಮೇಲೆ ನೋಡೋಣ." ಕಿಟಕಿಯ ಕಡೆ ತಿರುಗಿ ಅವಳು ಕೇಳಿದಳು: "ನೀವು ಬೇರೆ ಕೆಲಸ ನೋಡಬಾರದಾ? ನೆಲದ ಮೇಲೆ ನಿಂತು ಮಾಡೋ ಅಂಥದ್ದು?"

"ಯಾಕೆ, ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು. ಎಂಟನೆಯದೂ ಅಲ್ಲಿಗೇ ನಿಂತಿತು. ಕೇಳಿದಾಗಲೆಲ್ಲ ಅವಳು ಏನಾದರೊಂದು ಹೇಳುತ್ತಿದ್ದಳು. ಪರೀಕ್ಷೆ ಬಂತು, ಬಸುರಿಯಾದೆ, ಬಾಣಂತನ, ಮಗಳಿಗೆ ಜ್ವರ. "ನೀವು ಕೈ ಹಾಕ್ಬೇಡಿ ಮತ್ತೆ. ಅದು ನನ್ನದು," ಎಂದು ಒಂದು ಸಲ ಗಟ್ಟಿಯಾಗಿಯೇ ಹೇಳಿದಳು. ಅವನು ಕೈ ಹಾಕಲಿಲ್ಲ. ಬೆಳಿಗ್ಗೆ ಅವನು ಬೂಟು ಕಟ್ಟುತ್ತಾ ಏಳೂ ಸಂಖ್ಯೆ ಹೇಳಿ ‘ಮತ್ತೆ ಮುಂದಿನವರು’ ಅನ್ನುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದಳು. ಎಂದೂ ತಪ್ಪಿಸುತ್ತಿರಲಿಲ್ಲ. ಹಾಲು ಉಕ್ಕಿದರೂ ಕದಲುತ್ತಿರಲಿಲ್ಲ. ಇದು ಪ್ರೀತಿ ಎಂದು ಅವನು ತಿಳಿದಿದ್ದ.

ಮಗಳು ಬೆಳೆದಳು, ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸ ಹಿಡಿದಳು, ಮದುವೆಯಾಗಿ ಎರಡು ಬೀದಿ ಆಚೆಗೆ ಹೋದಳು. ಅದಾದ ಸ್ವಲ್ಪ ಕಾಲಕ್ಕೆ ಹೆಂಡತಿ ಹಾಸಿಗೆ ಹಿಡಿದಳು. ಹೊಟ್ಟೆಯೊಳಗಿನ ಗೆಡ್ಡೆ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವಳಿಗೆ ಮಾತು ಹೊರಡುವುದೇ ಕಷ್ಟವಾಗಿತ್ತು. ಒಂದು ಸಂಜೆ ಅವನ ಮಣಿಕಟ್ಟು ಹಿಡಿದು ಕೇಳಿದಳು: "ನಾಳೆ ಕೆಲಸ ಇದೆಯಾ?"

"ಇದೆ. ಹೋಗಲ್ಲ ಬಿಡು."

"ಹೋಗಿ. ಹೇಳ್ಕೊಂಡೇ ಇಳೀರಿ."

ಅವನು ಮರುದಿನ ಇಳಿಯುವ ಹೊತ್ತಿಗೆ ಅವಳು ಹೋಗಿದ್ದಳು.

ದನಿ ಕೇಳಿಸಿದ್ದು ಅವಳು ಸತ್ತು ಒಂದು ಮಳೆಗಾಲ ಕಳೆದ ಮೇಲೆ. ಅದೇ ಪೇಟೆ ಬೀದಿಯ ಕಟ್ಟಡ. ಹಲ್ಲಿನ ಡಾಕ್ಟರು ಎಂದೋ ಕಾಲವಾಗಿದ್ದರು, ಅಲ್ಲಿ ಈಗ ಪ್ರಯಾಣದ ಟಿಕೇಟು ಮಾಡಿಕೊಡುವವರಿದ್ದರು. ಲಿಫ್ಟು ಮಾತ್ರ ಅದೇ. ಹಾಡುಹಗಲು. ಅವನು ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು ಹಗ್ಗಕ್ಕೆ ಎಣ್ಣೆ ಬಟ್ಟೆ ಉಜ್ಜುತ್ತಿದ್ದ. ಕೆಳಗಿನಿಂದ, ಪೆಟ್ಟಿಗೆಯ ಒಳಗಿನಿಂದಲೋ ಅದಕ್ಕೂ ಕೆಳಗಿನಿಂದಲೋ, ಮೆಲ್ಲಗೆ ಬಂತು: ಮೂವತ್ತೊಂದು. ಮುನ್ನೂರ ಮೂವತ್ತೊಂದು.

ಅವನ ಕೈಯಲ್ಲಿದ್ದ ಬಟ್ಟೆ ಬಾವಿಗೆ ಬಿತ್ತು.

ಅದು ಆಸ್ಪತ್ರೆಯ ಸೋತ ದನಿಯಾಗಿರಲಿಲ್ಲ, ಅಡುಗೆಮನೆಯ ದನಿಯೂ ಆಗಿರಲಿಲ್ಲ. ಬಾಯಲ್ಲಿ ಹತ್ತಿ ಇಟ್ಟುಕೊಂಡ ಹಾಗೆ, ಕೆನ್ನೆ ಬಾತವಳ ದನಿ. ಅವನು ಅವಳನ್ನು ನೋಡುವುದಕ್ಕೂ ಮುಂಚಿನ ದನಿ. ಒಂದೊಂದಾಗಿ ಏಳೂ ಸಂಖ್ಯೆ ಹೇಳಿತು. ಏಳನೆಯದರ ಕೊನೆಯ ‘ಮೂವತ್ತೊಂದು’ ಬಂದ ಮೇಲೆ ನಿಂತುಬಿಟ್ಟಿತು. ಉಸಿರು ಎಳೆದುಕೊಂಡ ಸದ್ದು. ಆಮೇಲೆ ಏನೂ ಇಲ್ಲ. ಮುಚ್ಚಳ ತೆಗೆದು ನೋಡಿದ. ಪೆಟ್ಟಿಗೆ ಖಾಲಿ. ದೀಪ ಉರಿಯುತ್ತಿತ್ತು.

ಆ ಕಟ್ಟಡಕ್ಕೆ ಹೋದಾಗಲೆಲ್ಲ ಹೀಗೇ. ಬೇರೆ ಯಾವ ಬಾವಿಯಲ್ಲೂ ಇಲ್ಲ, ಅಲ್ಲಿ ಮಾತ್ರ. ಏಳಕ್ಕೆ ಬರುವುದು, ಉಸಿರೆಳೆಯುವುದು, ನಿಲ್ಲುವುದು. ಎಂಟನೆಯದನ್ನು ಅವಳು ಹೇಳಲಿಲ್ಲ.

ಗ್ರೀಸಣ್ಣನಿಗೆ ಆಗ ಕೆಲಸ ಬಿಟ್ಟು ಮೊಮ್ಮಕ್ಕಳನ್ನು ಆಡಿಸುವ ವಯಸ್ಸು. ಆದರೂ ಹಳೆಯ ಲಿಫ್ಟುಗಳ ವಿಷಯ ಬಂದರೆ ಕಂಪನಿಯವರು ಅವನನ್ನೇ ಕರೆಸುತ್ತಿದ್ದರು. ಇವನು ಹೋಗಿ ಹೇಳಿಕೊಂಡ. ಗ್ರೀಸಣ್ಣ ನಗಲಿಲ್ಲ.

"ಬಾವಿ ಅಂದ್ಮೇಲೆ ಮಾತಾಡುತ್ತೆ ಕಣೋ. ಗಾಳಿ ನುಗ್ಗುತ್ತೆ, ಯಾವುದೋ ಮಹಡೀಲಿ ಯಾರೋ ಆಡಿದ್ದು ಇನ್ನೆಲ್ಲೋ ಕೇಳಿಸುತ್ತೆ. ನಾನೂ ಕೇಳಿದೀನಿ, ನಮ್ಮಪ್ಪ ಕೆಮ್ಮಿದ ಹಾಗೆ."

"ಗಾಳಿಗೆ ಲೆಕ್ಕ ಬರುತ್ತಾ ಅಣ್ಣ?"

"ಮುಂದಿಂದು ಎಷ್ಟು?" ಎಂದ ಗ್ರೀಸಣ್ಣ.

"ಮೂವತ್ತಮೂರು ಕೋಟಿ ಮೂವತ್ತಮೂರು ಲಕ್ಷ..."

"ಸಾಕು ಸಾಕು. ಅಷ್ಟು ಜನ ದೇವರಿದ್ರೆ ನನ್ನ ಕೈಲಿ ಆಗಲ್ಲ. ಆದ್ರೆ ಒಂದು ಹೇಳ್ತೀನಿ ಕೇಳು. ಯಾರಾದ್ರೂ ಅರ್ಧಕ್ಕೆ ಮಾತು ನಿಲ್ಲಿಸಿದ್ರೆ, ನಿನಗೆ ಮುಂದಿಂದು ಗೊತ್ತಿರಲಿ ಅಂತ ನಿಲ್ಲಿಸ್ತಾರೆ. ಇಲ್ಲ ಗೊತ್ತಾಗಬಾರದು ಅಂತ ನಿಲ್ಲಿಸ್ತಾರೆ."

ಈ ಮಾತು ಅವನ ತಲೆಯೊಳಗೆ ಕೂತು ಕೊರೆಯತೊಡಗಿತು. ಊಟ ಸೇರದಾಯಿತು. ಅವಳು ಕೈ ಹಾಕಬೇಡಿ ಅಂದಿದ್ದಳು. ಅಂದವಳು ಈಗ ಬಾವಿಯ ತಳದಲ್ಲಿ ನಿಂತು ಅದೇ ಅಂಚಿಗೆ ತಂದು ತಂದು ನಿಲ್ಲಿಸುತ್ತಿದ್ದಾಳೆ. ಎಂಟನೆಯದನ್ನು ಮುಗಿಸದೆ ಹೋದದ್ದಕ್ಕೆ ಅವಳಿಗೆ ಸಮಾಧಾನವಿಲ್ಲವೇನೋ ಎಂದುಕೊಂಡ. ತಾನು ಮುಗಿಸಿಕೊಡಬೇಕು. ಅದಕ್ಕೆ ಎಷ್ಟು ವರ್ಷ ಬೇಕೋ? ಏಳನೆಯದಕ್ಕೇ ಅವಳಂಥವಳಿಗೆ ಅಷ್ಟು ಕಾಲ ಹಿಡಿದಿತ್ತು. ತನಗೆ ಈ ಜನ್ಮ ಸಾಲದು. ಇರಲಿ, ಶುರುವಾದರೂ ಮಾಡೋಣ.

ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅದೇ ಕಟ್ಟಡದ ಮೋಟಾರು ಕೋಣೆಯಲ್ಲಿ ಅವನು ನೆಲದ ಮೇಲೆ ಚಾಕ್‌ಪೀಸಿನಿಂದ ಆ ಸಂಖ್ಯೆ ಬರೆದ. ಎಂಟು ಮೂರು, ಕೊನೆಗೊಂದು ಒಂದು. ಎರಡು, ಮೂರು, ಐದು ಬಿಡು, ಅವು ಕಣ್ಣಿಗೇ ಗೊತ್ತಾಗುತ್ತವೆ. ಏಳರಿಂದ ಭಾಗಿಸಿದ. ಎರಡು ಉಳಿಯಿತು. ಹನ್ನೊಂದರಿಂದ, ಒಂದು ಉಳಿಯಿತು. ಹದಿಮೂರರಿಂದ, ಆರು. ಭೇಷ್, ಮುಂದೆ. ಹದಿನೇಳರ ಮಗ್ಗಿ ಅವನಿಗೆ ಬಾಯಿಗೆ ಬರುತ್ತಿರಲಿಲ್ಲ, ಗೋಡೆಯ ಮೇಲೆ ಬರೆದುಕೊಂಡ. ಒಂದೊಂದೇ ಮೂರನ್ನು ಕೆಳಗಿಳಿಸುತ್ತಾ ಬಂದ. ಹದಿನಾರು ಉಳಿಯಿತು, ಹತ್ತು ಉಳಿಯಿತು, ಒಂದು ಉಳಿಯಿತು. ಕೊನೆಯ ಒಂದನ್ನು ಇಳಿಸಿದಾಗ ಅಲ್ಲಿ ಐವತ್ತೊಂದು ಕೂತಿತ್ತು. ಹದಿನೇಳು ಮೂರಲೆ ಐವತ್ತೊಂದು.

ಏನೂ ಉಳಿಯಲಿಲ್ಲ.

ತಪ್ಪಿರಬೇಕು ಎಂದು ಅಂಗೈಯಿಂದ ಒರೆಸಿ ಮತ್ತೆ ಮಾಡಿದ. ಹದಿನೇಳನ್ನು ಒಂದು ಕೋಟಿ ತೊಂಬತ್ತಾರು ಲಕ್ಷ ಏಳು ಸಾವಿರದ ಎಂಟುನೂರ ನಲವತ್ತಮೂರರಿಂದ ಗುಣಿಸಿ ನೋಡಿದ. ಎಂಟು ಮೂರೂ ಒಂದು ಒಂದೂ ಸಾಲಾಗಿ ಬಂದು ನಿಂತವು. ಪಕ್ಕದಲ್ಲಿ ಮೋಟಾರು ಚಾಲೂ ಆಯಿತು, ಯಾರನ್ನೋ ಎಲ್ಲಿಗೋ ಒಯ್ದು ನಿಂತಿತು. ಅವನು ನೆಲದ ಮೇಲೇ ಕೂತಿದ್ದ.

ಸಂಖ್ಯೆ ಒಡೆದದ್ದಕ್ಕಿಂತ ಅದು ಇಷ್ಟು ಸುಲಭವಾಗಿ ಒಡೆದದ್ದು ಅವನನ್ನು ಹೆದರಿಸಿತು. ಕೈಗೆ ಸಿಕ್ಕ ನಾಲ್ಕನೇ ಸಂಖ್ಯೆಯಿಂದಲೇ. ಏಳುನೂರು ಭಾಗಾಕಾರ ಮಾಡಿದವಳಿಗೆ ಇದು ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನ ಕೆಲಸ. ಶುರುವೇ ಮಾಡಿಲ್ಲ ಅಂದಿದ್ದಳಲ್ಲ? ಒಲೆ ಹಚ್ಚದ ಆ ಸಂಜೆ ನೆನಪಾಯಿತು. ನೆಲದ ಮೇಲೆ ನಿಂತು ಮಾಡುವ ಕೆಲಸ ನೋಡಬಾರದಾ ಅಂದದ್ದು ನೆನಪಾಯಿತು.

ಅವನು ನೇರ ಮಗಳ ಅಂಗಡಿಗೆ ಹೋದ. ಅವಳು ಹಿಂದಿನ ಕೋಣೆಯಲ್ಲಿ ಚಕ್ರದ ಮುಂದೆ ಕೂತು ಗಾಜಿನ ಅಂಚು ಅರೆಯುತ್ತಿದ್ದಳು. ಅಪ್ಪನ ಮುಖ ನೋಡಿ ಚಕ್ರ ನಿಲ್ಲಿಸಿದಳು.

"ಏನಪ್ಪಾ? ಬಿದ್ಯಾ?"

"ಎಂಟನೆಯದು ಹದಿನೇಳಕ್ಕೆ ಒಡೆಯುತ್ತೆ," ಎಂದ.

ಮಗಳು ಕೈಗವಸು ಕಳಚಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಅವನು ನೋಡಿದ.

"ನಿನಗೆ ಗೊತ್ತಿತ್ತಾ?"

"ಶಾಲೇಲಿದ್ದಾಗ ಭಾಗಾಕಾರ ಹೇಳಿಕೊಟ್ರಲ್ಲ, ಆಗ್ಲೇ ಮಾಡಿದ್ದೆ. ನಿನಗೆ ಹೇಳೋಣ ಅಂತ ಓಡಿ ಬಂದೆ. ನೀನು ಬೂಟು ಹಾಕ್ಕೊಳ್ತಿದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲೇ ಹಿಡ್ಕೊಂಡು ಬಾಯಿ ಮುಚ್ಚಿದ್ಳು. ಹಿಟ್ಟಿನ ಕೈ. ಉಸಿರು ಕಟ್ಟಿತ್ತು ನಂಗೆ."

"ಏನಂದ್ಳು?"

"ಅಪ್ಪಂಗೆ ಹೇಳ್ಬೇಡ. ಅಪ್ಪ ಅದನ್ನ ಹಿಡ್ಕೊಂಡು ಬಾವಿಗೆ ಇಳೀತಾರೆ. ಹಗ್ಗದ ಹಾಗೆ. ಅರ್ಧದಾರೀಲಿ ನೇತಾಡ್ತಿರೋರಿಗೆ ಹಗ್ಗ ಹಳೇದು ಅಂತ ಹೇಳ್ಬಾರದು, ಅಂದ್ಳು." ಮಗಳು ತಲೆ ತಗ್ಗಿಸಿದಳು. "ಅವಳಿಗೆ ಹೆದರಿಕೆ ಇತ್ತಪ್ಪಾ. ಇಂಥದ್ದನ್ನೆಲ್ಲ ನಂಬದವಳು, ಇದೊಂದಕ್ಕೆ ಹೆದರ್ತಿದ್ಳು. ದಿನಾ ನೀನು ಹೊರಟ ಮೇಲೆ ಬಾಗಿಲು ಹಾಕಿ ಅಲ್ಲೇ ಒರಗಿ ನಿಂತಿರ್ತಿದ್ಳು."

"ಇಷ್ಟು ವರ್ಷ ನೀನೂ ಸುಮ್ನಿದ್ಯಲ್ಲೇ."

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ. ಅಮ್ಮನಿಗೋಸ್ಕರ ಗೊತ್ತಿಲ್ಲದ ಹಾಗೆ ಇದೀಯ ಅಂದ್ಕೊಂಡೆ."

ಅಂಗಡಿಯಿಂದ ಹೊರಗೆ ಬಂದವನಿಗೆ ಬೀದಿ ತನ್ನದಲ್ಲ ಎನ್ನಿಸಿತು. ಇಷ್ಟು ವರ್ಷ ಮೂವರ ಮನೆಯಲ್ಲಿ ಇಬ್ಬರು ಅವನ ಕಾಲಿನ ಕೆಳಗೆ ನೋಡುತ್ತಾ ಬದುಕಿದ್ದರು. ಬೂಟು ಕಟ್ಟುತ್ತಾ ಅವನು ‘ಮತ್ತೆ ಮುಂದಿನವರು’ ಅಂದಾಗಲೆಲ್ಲ ಅವಳಿಗೆ ಏನಾಗಿರಬೇಕು? ಮುಂದಿನವನು ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಊಟದ ಡಬ್ಬಿ ಕಟ್ಟಿಕೊಟ್ಟು ಕಳಿಸಿದಳು. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬೂಟು ಕಟ್ಟುವಾಗ ಬಾಯಿ ತೆರೆಯಲಿಲ್ಲ. ಪೇಟೆ ಬೀದಿಯ ಕಟ್ಟಡಕ್ಕೆ ಹೋಗಿ, ಕೆಳಗೆ ಫಲಕ ನೇತುಹಾಕಿ, ಮೇನ್ ಸ್ವಿಚ್ ಆರಿಸಿ, ಬಾವಿಯ ಬಾಗಿಲು ಸರಿಸಿದ. ಪೆಟ್ಟಿಗೆಯ ನೆತ್ತಿ ಅಲ್ಲೇ ಪಾದದ ಮಟ್ಟದಲ್ಲಿತ್ತು. ಅಂಗಾಲು ತಣ್ಣಗಾಯಿತು. ಹಗ್ಗಗಳನ್ನು ನೋಡಿದ, ಎಲ್ಲ ಸರಿಯಾಗಿದ್ದವು. ಏನೂ ಹೇಳದೆ ಒಂದು ಕಾಲು ಇಟ್ಟ, ಇನ್ನೊಂದನ್ನು ಬಾಗಿಲ ಹೊಸ್ತಿಲ ಮೇಲೇ ಬಿಟ್ಟು, ಚೌಕಟ್ಟು ಹಿಡಿದುಕೊಂಡು ನಿಂತ.

ದನಿ ಬಂತು. ಕಾಯುತ್ತಿದ್ದ ಹಾಗೆ ಬಂತು. ಮೂವತ್ತೊಂದು. ಮುನ್ನೂರ ಮೂವತ್ತೊಂದು. ಈ ಸಲ ಹತ್ತಿರವಿತ್ತು, ಮುಚ್ಚಳದ ಕೆಳಗೇ. ಏಳನೆಯದು ಮುಗಿಯಿತು. ಉಸಿರೆಳೆದ ಸದ್ದು.

ಆಗ ಅವನೇ ಹೇಳಿದ. ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ: "ಮೂವತ್ತಮೂರು ಕೋಟಿ ಮೂವತ್ತಮೂರು ಲಕ್ಷ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತೊಂದು. ಹದಿನೇಳಕ್ಕೆ ಒಡೆಯುತ್ತೆ ಕಣೇ. ನಂಗೂ ಗೊತ್ತಾಯ್ತು."

ಬಾವಿಯ ತಳದಿಂದ ಅವನ ದನಿಯೇ ಅವನಿಗೆ ವಾಪಸು ಬಂತು. ಅದರ ಹಿಂದೆಯೇ ಮೇಲೆ ಎಲ್ಲೋ ‘ಟಕ್’ ಎಂದಿತು. ಕರೆಂಟು ಆರಿಸಿದ್ದ ಪೆಟ್ಟಿಗೆ ಅವನ ಒಂದು ಕಾಲನ್ನು ಮೇಲಕ್ಕೆತ್ತುತ್ತಾ ಕದಲಿತು. ಅವನು ಹೊಸ್ತಿಲ ಕಡೆ ಬಿದ್ದ. ಮೊಳಕಾಲು ಸೀಳಿತು. ಮಲಗಿದಲ್ಲಿಂದಲೇ ತಿರುಗಿ ನೋಡುವಷ್ಟರಲ್ಲಿ ಪೆಟ್ಟಿಗೆ ಮೇಲಕ್ಕೆ, ಮೆಲ್ಲಗೆ, ಆಮೇಲೆ ಮೆಲ್ಲಗಲ್ಲದೆ, ಹೊರಟು ಹೋಗಿತ್ತು. ಖಾಲಿ ಪೆಟ್ಟಿಗೆಗಿಂತ ಎದುರಿನ ಕಬ್ಬಿಣದ ಭಾರ ಹೆಚ್ಚು, ಬ್ರೇಕು ಸೋತರೆ ಅದು ಪೆಟ್ಟಿಗೆಯನ್ನು ಮೇಲಕ್ಕೆಳೆಯುತ್ತದೆ. ನೆತ್ತಿಯ ಮೇಲೆ ಕೂತಿದ್ದವನನ್ನು ಮೇಲಿನ ಚಾವಣಿಗೆ ಒತ್ತಿಬಿಡುತ್ತದೆ. ಮೇಲೆ ಹೋಗಿ ಅಪ್ಪಳಿಸಿದ ಸದ್ದಿಗೆ ಕಟ್ಟಡದವರೆಲ್ಲ ಹೊರಗೆ ಓಡಿ ಬಂದರು.

ಗ್ರೀಸಣ್ಣನನ್ನು ಕರೆಸಿ ಬ್ರೇಕು ಬಿಚ್ಚಿಸಿದರು. ಒಳಗಿನ ಪಟ್ಟಿಗೆ ಎಣ್ಣೆ ಇಳಿದಿಳಿದು ಅದು ಸಾಬೂನಿನ ಹಾಗೆ ಜಾರುತ್ತಿತ್ತು. ಎಷ್ಟು ಕಾಲದಿಂದ ಹಾಗಿತ್ತೋ, ಹೊರಗಿನಿಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

"ಯಾವಾಗ್ಲೂ ಎರಡೂ ಕಾಲಿಟ್ಟು ಮೇಲೆ ಕೂತ್ಕೊಂಡೇ ಕೆಲಸ ಮಾಡೋನಲ್ವೇನೋ ನೀನು?" ಎಂದು ಗ್ರೀಸಣ್ಣ ಕೇಳಿದ. "ಇವತ್ತೇನು ಹೊಸ್ತಿಲಲ್ಲಿ ನಿಂತಿದ್ದೆ?"

ಅವನು ಮೊಳಕಾಲಿಗೆ ಕಟ್ಟಿದ್ದ ಬಟ್ಟೆ ಬಿಗಿದುಕೊಂಡ. ಸಂಖ್ಯೆ ಹೇಳಿಕೊಂಡಿದ್ದರೆ ಧೈರ್ಯವಾಗಿ ಎರಡೂ ಕಾಲಿಡುತ್ತಿದ್ದ. ಹೇಳಿಕೊಳ್ಳದೆ ಇದ್ದದ್ದಕ್ಕೆ ಹೆದರಿ ಹೊಸ್ತಿಲಲ್ಲಿ ನಿಂತ. ಅಂದರೆ ಅವಳು ಇಷ್ಟು ದಿನ ಏಳಕ್ಕೆ ತಂದು ನಿಲ್ಲಿಸುತ್ತಿದ್ದದ್ದು ಇದಕ್ಕಾಗಿಯೇನು? ಅಥವಾ ಮೇಲೆ ಬಾ ಎಂದು ಕರೆದಳೋ, ಅರ್ಧ ಕಾಲಿಟ್ಟದ್ದರಿಂದ ತಾನು ತಪ್ಪಿಸಿಕೊಂಡೆನೋ? ಮಗಳ ಹತ್ತಿರ ಇದನ್ನು ಒಂದೇ ಒಂದು ಸಲ ಆಡಿದ. ಮಗಳು, "ಅಮ್ಮ ಯಾಕಪ್ಪಾ ಕರೀತಾಳೆ? ಕೆಲಸಕ್ಕೆ ಹೋಗ್ಬೇಡಿ ಅಂತ ಹೇಳೋಕೆ ಬಂದಿರ್ತಾಳೆ," ಎಂದಳು. ಅವಳಿಗೂ ಖಾತರಿಯಿರಲಿಲ್ಲ.

ಅವನು ಬಾವಿಯ ಕೆಲಸ ಬಿಟ್ಟ. ಕಂಪನಿಯವರು ಉಗ್ರಾಣದಲ್ಲಿ ಬಿಡಿಭಾಗ ಎತ್ತಿಕೊಡುವ ಕೆಲಸ ಕೊಟ್ಟರು. ಮನೆಯಲ್ಲಿ ಒಬ್ಬನೇ ಕೂತು, ಮುಂದಿನವುಗಳನ್ನು ಭಾಗಿಸತೊಡಗಿದ. ಒಂಬತ್ತನೆಯದು ಬಹಳ ದಿನ ಜಗ್ಗಲಿಲ್ಲ. ಇದಾದರೂ ನಿಲ್ಲುತ್ತದೇನೋ ಎಂದು ಅವನಿಗೆ ಆಸೆ ಹುಟ್ಟುವಷ್ಟರಲ್ಲಿ ಆರುನೂರ ಎಪ್ಪತ್ತಮೂರಕ್ಕೆ ಒಡೆಯಿತು. ಹತ್ತನೆಯದು ಮುನ್ನೂರ ಏಳಕ್ಕೆ. ಮಗಳ ಅಂಗಡಿಗೆ ಬರುತ್ತಿದ್ದ ಕಾಲೇಜಿನ ಮೇಷ್ಟರೊಬ್ಬರು ಕಂಪ್ಯೂಟರಿನಲ್ಲಿ ನೋಡಿ ಹೇಳಿದರಂತೆ: ಎಂಟರಿಂದ ಹದಿನಾರನೆಯದರವರೆಗೆ ಒಂಬತ್ತೂ ಒಡೆಯುತ್ತವೆ, ಹದಿನೇಳನೆಯದು ಮತ್ತೆ ಒಡೆಯುವುದಿಲ್ಲ. ಮಗಳು ಸಂತೋಷದಿಂದ ಬಂದು ಹೇಳಿದಳು.

"ಅಷ್ಟು ದೂರದಲ್ಲಿ ಒಬ್ಬ ನಿಂತಿದ್ರೆ ಏನು ಮಾಡೋದು," ಎಂದು ಅವನು ಪೆನ್ಸಿಲು ಕೆಳಗಿಟ್ಟ. ಮತ್ತೆ ಭಾಗಿಸಲಿಲ್ಲ.

ದನಿ ಮತ್ತೆ ಬರಲಿಲ್ಲ. ತಾನೇ ಮುಂದಿನದನ್ನು ಹೇಳಿ ಅವಳ ಮಾತು ಮುಗಿಸಿಬಿಟ್ಟೆ, ಇನ್ನು ಅವಳಿಗೆ ಹೇಳಲು ಏನೂ ಉಳಿದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಹೆದರಿಕೆ ಹೋಗಿ ಅದರ ಜಾಗದಲ್ಲಿ ಒಂದು ಬರಿದು ಬಂದು ಕೂತಿತು. ಹೆದರಿಕೆಯೇ ಎಷ್ಟೋ ವಾಸಿಯಿತ್ತು.

ನಿವೃತ್ತನಾದ ಮೇಲೆ ಅವನು ಮಗಳ ಮನೆಯಲ್ಲಿದ್ದ. ವಾರಕ್ಕೊಂದು ಸಲ, ಕನ್ನಡಕ ಸರಿಮಾಡಿಸಬೇಕು ಎಂದೋ ಕಾಲಾಡಿಸಿ ಬರುತ್ತೇನೆ ಎಂದೋ ಹೇ‍ಳಿ ಹೊರಟು ಪೇಟೆ ಬೀದಿಯ ಆ ಕಟ್ಟಡಕ್ಕೆ ಹೋಗುತ್ತಿದ್ದ. ಲಿಫ್ಟಿನ ಬಾಗಿಲಿನ ಪಕ್ಕ, ಗೋಡೆಗೆ ಕಿವಿ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದ. ಬರುವವರು ಹೋಗುವವರು ಅವನನ್ನು ದಾಟಿಕೊಂಡು ಗುಂಡಿ ಒತ್ತುತ್ತಿದ್ದರು. ಕಾವಲುಗಾರ ಹೊಸಬನಾಗಿದ್ದಾಗ ಒಮ್ಮೆ, "ಏನು ಯಜಮಾನ್ರೇ, ಯಾರು ಬೇಕು?" ಎಂದು ಕೇಳಿದ. "ಯಾರೂ ಇಲ್ಲ. ಬಸ್ಸಿಗೆ ಕಾಯ್ತಿದೀನಿ," ಎಂದ ಅವನು. ಆ ಬೀದಿಗೆ ಬಸ್ಸು ಬರುವುದಿಲ್ಲ. ಕಾವಲುಗಾರ ಒಳಗೆ ಹೋಗಿ ತನ್ನ ಕುರ್ಚಿ ತಂದು ಗೋಡೆಯ ಪಕ್ಕ ಹಾಕಿಕೊಟ್ಟ.